ಗಂಟಿಲ್ಲದ ಹಗ್ಗ

ಎರಡು ಸಾವಿರದ ಹನ್ನೊಂದು, ಜೂನ್ ಇಪ್ಪತ್ತು, ಸೋಮವಾರ. ಬೆಳಗಿನಿಂದ ಮೋಡ ಕವಿದಿತ್ತು. ಪಡುವಣ ಗಾಳಿ ಬೀಸುತ್ತಿತ್ತು. ಮಳೆ ಬರಲಿಲ್ಲ.

“ಗುರುಗಳೇ, ಒಂದು ಊರಿನ ಆಡಳಿತ ಚೆನ್ನಾಗಿದೆ ಎಂಬುದನ್ನು ಯಾವುದರಿಂದ ಅಳೆಯಬೇಕು?” ಎಂದು ನಿಜಗುಣ ಕೇಳಿದ.

ಅವನು ಗುರುಗಳ ಈ ಮಠದ ಪ್ರಸಾದನಿಲಯದಲ್ಲಿದ್ದು ಓದಿದವನು. ಈಗ ತಾಲ್ಲೂಕು ಪಂಚಾಯತಿಯಲ್ಲಿ ಅಧಿಕಾರಿ. ಇಪ್ಪತ್ತೆಂಟು ಗ್ರಾಮ ಪಂಚಾಯತಿಗಳಿಗೆ ಅಂಕ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಸಾಲಾಗಿ ನಿಲ್ಲಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಪಟ್ಟಿ ಸಿದ್ಧವಾಗಿ ಕೈಚೀಲದಲ್ಲಿತ್ತು. ಮರುದಿನ ಜಿಲ್ಲೆಗೆ ಹೋಗಬೇಕಿತ್ತು.

“ನೀನು ಯಾವುದರಿಂದ ಅಳೆದೆ?” ಎಂದರು ಗುರುಗಳು.

“ಬಾಕಿ ಉಳಿದ ಅರ್ಜಿಗಳಿಂದ. ಬಾಕಿ ಹೆಚ್ಚಿದ್ದರೆ ಅಂಕ ಕಡಿಮೆ. ಮೊದಲು ಬಂದ ಪಂಚಾಯತಿಯಲ್ಲಿ ಒಂದು ಅರ್ಜಿಯೂ ಬಾಕಿ ಇಲ್ಲ.”

“ಒಂದೂ ಇಲ್ಲವೇ?”

“ಒಂದೂ ಇಲ್ಲ. ಆದರೂ ಸಹಿ ಹಾಕುವ ಮುಂಚೆ ನಿಮ್ಮನ್ನು ಒಂದು ಮಾತು ಕೇಳೋಣ ಎನಿಸಿತು.”

ಗುರುಗಳು ಓದುತ್ತಿದ್ದ ಪುಟಕ್ಕೆ ಗುರುತಿಗಾಗಿ ಒಂದು ದಾರ ಇಟ್ಟು ಪುಸ್ತಕ ಮುಚ್ಚಿದರು. ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಅರಸನ ನಾಡಿನಲ್ಲಿ ಪ್ರತಿ ಊರಿನ ಚಾವಡಿಯ ತೊಲೆಯಿಂದಲೂ ಒಂದು ಹಗ್ಗ ಇಳಿಬಿದ್ದಿತ್ತು. ಊರಿನಿಂದ ಏನಾದರೂ ಆಗಬೇಕಾಗಿದ್ದವರು ಬಂದು ಅದಕ್ಕೊಂದು ಗಂಟು ಹಾಕುತ್ತಿದ್ದರು. ಕೆರೆಯ ತೂಬು ಸೋರಿದರೆ ಒಂದು ಗಂಟು. ಓಣಿಯಲ್ಲಿ ನೀರು ನಿಂತರೆ ಒಂದು ಗಂಟು. ಕೆಲಸ ಆದ ದಿನ, ಗಂಟು ಹಾಕಿದವರೇ ಬಂದು ಬಿಚ್ಚಬೇಕು. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಊರ ಗೌಡನೂ ಮುಟ್ಟುವಂತಿರಲಿಲ್ಲ. ಅವನು ದಿನವೂ ಬೆಳಿಗ್ಗೆ ಆ ಹಗ್ಗದ ಕೆಳಗೆ ಕುಳಿತುಕೊಳ್ಳಬೇಕು, ತಲೆ ಎತ್ತಿದರೆ ಗಂಟುಗಳು ಕಾಣಬೇಕು. ಅಷ್ಟೇ ಪದ್ಧತಿ.

ಮಾಘ ಮಾಸದಲ್ಲಿ ಅರಸನ ಅಧಿಕಾರಿ ಊರೂರಿಗೆ ಬರುತ್ತಿದ್ದ. ಗಂಟು ಎಣಿಸುತ್ತಿದ್ದ. ಯಾವುದು ಏತಕ್ಕೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಆ ಒಂದು ಎಣಿಕೆಯಿಂದ ಎರಡು ಕೆಲಸ ಆಗುತ್ತಿತ್ತು. ಎಲ್ಲಕ್ಕಿಂತ ಕಡಿಮೆ ಗಂಟು ಇದ್ದ ಊರಿಗೆ ಆ ವರ್ಷ ಅರಸನ ನಗಾರಿ ಬರುತ್ತಿತ್ತು. ಅದನ್ನು ಚಾವಡಿಯ ಮುಂದೆ ಇಟ್ಟು ದಿನವೂ ಹೊತ್ತು ಹುಟ್ಟುವಾಗ ಬಾರಿಸಬಹುದಿತ್ತು. ಗಂಟು ಉಳಿದಿದ್ದ ಊರುಗಳಿಗೆ ಅವರವರ ಕೆಲಸಕ್ಕೆ ಬೇಕಾದ ಮರ, ಕಲ್ಲು, ಕಬ್ಬಿಣ ಅರಸನ ಉಗ್ರಾಣದಿಂದ ಫಾಲ್ಗುಣದಲ್ಲಿ ಹೋಗುತ್ತಿತ್ತು. ಅರಸನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನು ಕೆಟ್ಟ ಅರಸನಲ್ಲ.

ಹೊಳೆಯ ದಡದಲ್ಲಿ ಒಂದು ಊರಿತ್ತು. ಆ ಊರಿನ ಗೌಡನೂ ಕೆಟ್ಟವನಲ್ಲ. ಅವನಿಗೆ ಗೌಡಿಕೆ ಬಂದಾಗ ಹಗ್ಗದಲ್ಲಿ ನಲವತ್ತು ಗಂಟುಗಳಿದ್ದವು. ಏಳು ವರ್ಷದಲ್ಲಿ ಅವು ಒಂಬತ್ತಕ್ಕೆ ಇಳಿದವು. ಒಂದೊಂದನ್ನೂ ಹಾಕಿದವರೇ ನಗುತ್ತ ಬಂದು ಬಿಚ್ಚಿದ್ದರು. ಆದರೆ ಪಕ್ಕದ ಊರಿನಲ್ಲಿ ಆರೇ ಇದ್ದವು. ಹಿಂದಿನ ವರ್ಷ ನಗಾರಿ ಅಲ್ಲಿಗೆ ಹೋಗಿತ್ತು. ಬೆಳಿಗ್ಗೆ ಅದರ ಸದ್ದು ಹೊಲ ದಾಟಿ ಇಲ್ಲಿಯವರೆಗೆ ಕೇಳುತ್ತಿತ್ತು. ಸಂತೆಯಲ್ಲಿ ಪಕ್ಕದೂರಿನ ಹೆಂಗಸರು ಕೆಣಕುತ್ತಿದ್ದರು.

“ನಿಮ್ಮೂರಿನಲ್ಲಿ ಕೋಳಿ ಸಾಕುವುದನ್ನು ಬಿಟ್ಟಿರಂತೆ? ನಮ್ಮ ನಗಾರಿಗೇ ಎದ್ದರಾಯಿತು ಅಂತಲೇ?”

ಗೌಡ ಬೆಳಿಗ್ಗೆ ಹಗ್ಗದ ಕೆಳಗೆ ಕುಳಿತಾಗ ಆ ಸದ್ದು ಬರುತ್ತಿತ್ತು. ತಲೆ ಎತ್ತುತ್ತಿದ್ದ. ಒಂಬತ್ತು ಗಂಟುಗಳು. ಅವನಿಗೆ ನಗಾರಿಯ ಆಸೆ ಹತ್ತಿತು. ಅದು ತನಗಾಗಿ ಮಾತ್ರವಲ್ಲ, ಊರಿಗಾಗಿಯೂ ಎಂದು ಅವನು ನಂಬಿದ್ದ. ಅದು ಸುಳ್ಳೂ ಅಲ್ಲ.

ಮಾಘ ಬಂತು. ಅಧಿಕಾರಿ ಬರುವ ಹಿಂದಿನ ದಿನ ಗೌಡ ಮನೆಮನೆಗೆ ಹೋದ. ಅಧಿಕಾರಿ ಬಂದು ಹೋಗುವವರೆಗೆ ಗಂಟು ಬಿಚ್ಚಿರಿ, ಆಮೇಲೆ ಮತ್ತೆ ಹಾಕಿರಿ ಎಂದು ಕೇಳಿಕೊಂಡ. ಒಬ್ಬ ರೈತ, “ಇಷ್ಟು ದಿನ ಸೋರಿದ ತೂಬು ಇನ್ನೊಂದು ದಿನ ಸೋರಲಿ ಬಿಡು” ಎಂದ. ಒಬ್ಬ ಕುಂಬಾರ, “ನಗಾರಿಗೆ ಮೊದಲ ಪೆಟ್ಟು ನನ್ನದು ಎಂದರೆ ಬಿಚ್ಚುತ್ತೇನೆ” ಎಂದ. ಸಂಜೆಯೊಳಗೆ ಎಂಟು ಗಂಟುಗಳು ಬಿಚ್ಚಿದವು.

ಒಂಬತ್ತನೆಯದು ಊರ ಸೂಲಗಿತ್ತಿಯದು.

ಅವಳು ವಿಧವೆ. ಒಬ್ಬಳೇ ಮಗಳು. ಮೂರು ವರ್ಷದ ಹಿಂದೆ ಅವಳನ್ನು ಹೊಳೆಯ ಆಚೆ ದಡದ ಊರಿಗೆ ಕೊಟ್ಟಿದ್ದಳು. ಮದುವೆಯ ಮರುದಿನವೇ ಚಾವಡಿಗೆ ಹೋಗಿ, ಹೊಳೆಗೆ ಒಂದು ಮರದ ಸೇತುವೆ ಬೇಕೆಂದು ಗಂಟು ಹಾಕಿದ್ದಳು. ಬೇಸಿಗೆಯಲ್ಲಿ ಹರಿಗೋಲಿನಲ್ಲಿ ದಾಟಬಹುದಿತ್ತು. ಆಷಾಢದಿಂದ ಆಶ್ವಯುಜದವರೆಗೆ ಹೊಳೆ ಯಾರನ್ನೂ ಬಿಡುತ್ತಿರಲಿಲ್ಲ. ಅಷ್ಟು ಅಗಲಕ್ಕೆ ಸಾಲುವ ಉದ್ದ ಮರ ಉಗ್ರಾಣದಲ್ಲಿ ಎರಡು ವರ್ಷ ಇರಲಿಲ್ಲ. ಈ ವರ್ಷ ಬಂದಿದೆ ಎಂದು ಸುದ್ದಿ ಇತ್ತು.

ಮಗಳ ಮೊದಲ ಬಾಣಂತನ ತವರಿನಲ್ಲಿ ಆಗಿತ್ತು. ಈಗ ಅವಳಿಗೆ ಮತ್ತೆ ಮೂರು ತಿಂಗಳು. ಶ್ರಾವಣಕ್ಕೆ ದಿನ ತುಂಬುತ್ತಿತ್ತು. ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕು ಎಂಬುದು ಆ ಮನೆಯ ರೂಢಿ. ಬೀಗತಿ ಆ ಮಾತು ಬಿಟ್ಟುಕೊಡಲಿಲ್ಲ. ಆಚೆ ದಡದಲ್ಲಿ ಸೂಲಗಿತ್ತಿ ಇರಲಿಲ್ಲ. ಅಲ್ಲಿಯವರೂ ಇವಳನ್ನೇ ಕರೆಯುತ್ತಿದ್ದರು. ಆದ್ದರಿಂದ ಆ ಗಂಟಿನಲ್ಲಿ ಏನಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗೌಡ ಅವಳ ಅಂಗಳಕ್ಕೆ ಬಂದ. ಗಂಟು ಬಿಚ್ಚಿದ ಎಂಟು ಮಂದಿಯೂ ಅವನ ಹಿಂದೆ ಬಂದರು.

“ಅವ್ವಾ, ಎಲ್ಲರದೂ ಆಯಿತು. ನಿನ್ನದೊಂದು ಉಳಿದಿದೆ.”

“ಸೇತುವೆ ಆಯಿತೇನು?”

“ಇಲ್ಲ.”

“ಮತ್ತೆ ಏತಕ್ಕೆ ಬಿಚ್ಚಲಿ?”

“ಒಂದು ದಿನದ ಮಟ್ಟಿಗೆ. ಅಧಿಕಾರಿಯ ಗಾಡಿ ಊರು ದಾಟಿದ ಕೂಡಲೆ ಮತ್ತೆ ಹಾಕು. ನಾನೇ ನಿಂತು ಹಗ್ಗ ಹಿಡಿದುಕೊಡುತ್ತೇನೆ.”

“ಗೌಡ, ನಿನ್ನ ಮೂರು ಮಕ್ಕಳನ್ನೂ ಈ ಕೈ ಹಿಡಿದಿದೆ. ಮಗು ಬರುವ ಹೊತ್ತಿಗೆ ‘ಒಂದು ದಿನ ತಡೆ, ಊರಿಗೆ ನಗಾರಿ ಬರಲಿ’ ಎಂದು ನಾನು ನಿನ್ನ ಹೆಂಡತಿಗೆ ಹೇಳಿದ್ದೆನೇನು?”

ಗೌಡ ನಕ್ಕ. ಹಿಂದೆ ನಿಂತವರೂ ನಕ್ಕರು. “ಅವ್ವನ ಬಾಯಿಗೆ ಅರಸನೂ ಸಾಲುವುದಿಲ್ಲ” ಎಂದ ಕುಂಬಾರ. ನಕ್ಕರು, ಆದರೆ ಯಾರೂ ಮನೆಗೆ ಹೋಗಲಿಲ್ಲ. ಅಂಗಳದಲ್ಲೇ ನಿಂತರು.

ಸೂಲಗಿತ್ತಿ ಅವರನ್ನು ನೋಡಿದಳು. ಅವರಲ್ಲಿ ಐವರು ಅವಳ ಕೈಯಲ್ಲೇ ಹುಟ್ಟಿದವರು. ಎಲ್ಲರ ಮುಖದಲ್ಲೂ ಆಸೆ ಇತ್ತು. ಆಸೆ ಇಟ್ಟುಕೊಂಡು ಕಾಯುವುದು ಎಂದರೆ ಏನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ಚಾವಡಿಗೆ ನಡೆದಳು. ಮೂರು ವರ್ಷದ ಗಂಟು ಬಿಗಿದುಕೊಂಡಿತ್ತು. ಬೆರಳಿಗೆ ಬಗ್ಗಲಿಲ್ಲ. ಹಲ್ಲಿನಿಂದ ಎಳೆದು ಬಿಚ್ಚಿದಳು.

ಅಧಿಕಾರಿ ಬಂದ. ಹಗ್ಗವನ್ನು ಮೇಲಿನಿಂದ ಕೆಳಗೆ ಕೈಯಾಡಿಸಿ ನೋಡಿದ. ಅದು ನೆಟ್ಟಗಿರಲಿಲ್ಲ. ಒಂಬತ್ತು ಕಡೆ ಬಾಗಿತ್ತು.

“ಇಲ್ಲೆಲ್ಲ ಬಾಗಿದೆಯಲ್ಲ?”

“ಗಂಟುಗಳಿದ್ದವು ಸ್ವಾಮಿ. ಈಗ ಇಲ್ಲ.”

ಅದು ನಿಜವೇ. ಅಧಿಕಾರಿ ಒಂದು ಬಾಗಿನ ಮೇಲೆ ಹೆಬ್ಬೆರಳು ಇಟ್ಟು ತೀಡಿದ. ಅವನ ಪುಸ್ತಕದಲ್ಲಿ ಗಂಟು ಬರೆಯಲು ಜಾಗವಿತ್ತು, ಬಾಗು ಬರೆಯಲು ಜಾಗವಿರಲಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಅವನು ಒಮ್ಮೆಯೂ ಸೊನ್ನೆ ಬರೆದಿರಲಿಲ್ಲ. ಗಂಟಿಲ್ಲದ ಒಂದು ಊರನ್ನು ಕಂಡು ಸಾಯಬೇಕು ಎಂಬ ಆಸೆ ಅವನಿಗೂ ಇತ್ತು. ಸೊನ್ನೆ ಬರೆದ.

ಗಾಡಿ ಊರು ದಾಟಿತು. ಸೂಲಗಿತ್ತಿ ಆ ಸಂಜೆಯೇ ಹೋಗಿ ಗಂಟು ಹಾಕಿದಳು. ಗೌಡ ಮಾತು ತಪ್ಪಲಿಲ್ಲ. ನಿಂತು ಹಗ್ಗ ಹಿಡಿದುಕೊಟ್ಟ.

ವಾರದಲ್ಲಿ ನಗಾರಿ ಬಂತು. ಮೊದಲ ಪೆಟ್ಟು ಕುಂಬಾರ ಕೊಟ್ಟ. ಊರಿನಲ್ಲಿ ಆ ದಿನ ಯಾರೂ ಹೊಲಕ್ಕೆ ಹೋಗಲಿಲ್ಲ. ಸೂಲಗಿತ್ತಿಯೂ ಬಂದು ನಿಂತು ಕೇಳಿದಳು. ಆಚೆ ದಡಕ್ಕೂ ಕೇಳಿಸುತ್ತದೆ, ಮಗಳೂ ಕೇಳುತ್ತಾಳೆ ಎಂದುಕೊಂಡಳು.

ಫಾಲ್ಗುಣದಲ್ಲಿ ಗೌಡ ಗಾಡಿ ಕಟ್ಟಿಕೊಂಡು ಉಗ್ರಾಣಕ್ಕೆ ಹೋದ. ಉದ್ದ ಮರಗಳು ಅಂಗಳದಲ್ಲಿ ಬಿದ್ದಿದ್ದವು. ಉಗ್ರಾಣದವನು ಪುಸ್ತಕ ತೆಗೆದು ಬೆರಳಿಟ್ಟು ಓದಿದ.

“ನಿಮ್ಮೂರಿನಲ್ಲಿ ಯಾರಿಗೂ ಏನೂ ಬೇಕಾಗಿಲ್ಲ ಎಂದು ಬರೆದಿದೆಯಲ್ಲ ಗೌಡರೇ?”

“ಒಂದು ಸೇತುವೆ ಬೇಕು.”

“ಇದ್ದಿದ್ದರೆ ಬರೆದಿರುತ್ತಿದ್ದರು. ಮುಂದಿನ ಮಾಘದಲ್ಲಿ ತೋರಿಸಿ.”

ಆ ಮರಗಳು ಪಕ್ಕದ ಊರಿಗೆ ಹೋದವು. ಅಲ್ಲಿ ಸಂತೆಗೆ ಚಪ್ಪರ ಬೇಕು ಎಂಬ ಗಂಟು ಇತ್ತು. ಗೌಡ ಊರ ಮುಂದಿನ ಹಳೆಯ ಹುಣಸೆಮರ ಕಡಿಸಿ ಹೊಳೆಗೆ ಅಡ್ಡ ಹಾಕಿಸಿದ. ಅದು ನಡುಹೊಳೆಗೂ ಮುಟ್ಟಲಿಲ್ಲ.

ಜ್ಯೇಷ್ಠದ ಕೊನೆಗೆ ಸೂಲಗಿತ್ತಿ ಮಗಳನ್ನು ನೋಡಿ ಬಂದಳು. ಅಲ್ಲೇ ಉಳಿದುಬಿಡಬೇಕು ಎಂದುಕೊಂಡಿದ್ದಳು. ಆದರೆ ಈಚೆ ದಡದಲ್ಲಿ ನಾಲ್ವರು ಬಸುರಿಯರು ಇದ್ದರು. ಗೌಡನ ಹಿರಿಯ ಸೊಸೆಗೂ ಶ್ರಾವಣವೇ. ಅವರಿಗೂ ಇವಳನ್ನು ಬಿಟ್ಟರೆ ಬೇರೆ ಕೈ ಇರಲಿಲ್ಲ. ಅವಳು ಹಿಂತಿರುಗಿದಳು. ಬರುವ ಮುಂಚೆ ಬೀಗತಿಯ ಎದುರಿಗೆ ಮಗಳ ಜೊತೆ ಒಂದು ಒಪ್ಪಂದ ಮಾಡಿಕೊಂಡಳು. ಪ್ರತಿ ಸೋಮವಾರ ಸಂಜೆ ಇಬ್ಬರೂ ತಂತಮ್ಮ ದಡಕ್ಕೆ ಬರಬೇಕು. ಎಲ್ಲ ಕ್ಷೇಮವಾದರೆ ಮಗಳು ಬಿಳಿ ಬಟ್ಟೆ ಬೀಸಬೇಕು. ಕಷ್ಟವಾದರೆ ಕೆಂಪು ಬಟ್ಟೆ.

“ಕೆಂಪು ಕಂಡರೆ ನೀನು ಏನು ಮಾಡುತ್ತೀಯೇ ಅವ್ವಾ? ಸೇತುವೆ ಇಲ್ಲವಲ್ಲ” ಎಂದಳು ಮಗಳು.

“ಬರುತ್ತೇನೆ” ಎಂದಳು ತಾಯಿ.

ಆಷಾಢ ಬಂತು. ಹೊಳೆ ತುಂಬಿತು. ಸೋಮವಾರ ಆ ನಾಡಿನಲ್ಲಿ ಎತ್ತು ಹೂಡುವುದಿಲ್ಲ, ಹಾಗಾಗಿ ದಡದಲ್ಲಿ ಯಾರೂ ಇರುತ್ತಿರಲಿಲ್ಲ. ಸೂಲಗಿತ್ತಿ ಒಬ್ಬಳೇ ನಿಲ್ಲುತ್ತಿದ್ದಳು. ಮುಖ ಕಾಣುವಷ್ಟು ಹತ್ತಿರವಲ್ಲ, ಕೂಗು ಕೇಳುವಷ್ಟೂ ಅಲ್ಲ. ಮಗಳು ಹಸಿರು ಸೀರೆ ಉಟ್ಟು ಬರುತ್ತಿದ್ದಳು. ಮೊದಲ ಬಾಣಂತನದಲ್ಲಿ ತಾಯಿ ಉಡಿಸಿದ ಸೀರೆ ಅದು. ಅವಳು ಎಡಚಿ, ಎಡಗೈಯಲ್ಲಿ ಬಿಳಿ ಬಟ್ಟೆ ಬೀಸುತ್ತಿದ್ದಳು. ತಾಯಿ ಹಿಂತಿರುಗುವವರೆಗೆ ಹೋಗುತ್ತಿರಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ ಆಚೆ ದಡಕ್ಕೆ ಯಾರೂ ಬರಲಿಲ್ಲ. ಸೂಲಗಿತ್ತಿ ಕತ್ತಲಾಗುವವರೆಗೆ ನಿಂತಿದ್ದಳು. ಆ ವಾರವೇ ಗೌಡನ ಸೊಸೆಗೆ ಬೇನೆ ಬಂತು. ಮಗು ಅಡ್ಡಲಾಗಿತ್ತು. ಅವಳು ಒಂದು ಹಗಲು ಕೈ ಬಿಡದೆ ಕುಳಿತು ಮಗುವನ್ನು ತಿರುಗಿಸಿ ಹೊರಗೆ ತಂದಳು. ತಾಯಿ, ಮಗು ಎರಡೂ ಉಳಿದವು. ಗೌಡ ನಗಾರಿ ಬಾರಿಸಿದ.

ಮೂರನೆಯ ಸೋಮವಾರ ಆಚೆ ದಡದಲ್ಲಿ ಹಸಿರು ಸೀರೆ ಕಾಣಿಸಿತು. ಸೆರಗು ತಲೆಯ ಮೇಲಿತ್ತು. ಎಡತೋಳಿನಲ್ಲಿ ಒಂದು ಕೂಸು. ಬಿಳಿ ಬಟ್ಟೆ ಬೀಸಿತು.

ಸೂಲಗಿತ್ತಿ ದಡದಲ್ಲೇ ಕುಳಿತುಬಿಟ್ಟಳು. ಹಸಿ ಬಾಣಂತಿ ಗಾಳಿಗೆ ಬರಬಾರದಿತ್ತು, ಕೊಟ್ಟ ಮಾತಿಗಾಗಿ ಬಂದಿದ್ದಾಳೆ ಎಂದುಕೊಂಡಳು. ಆಮೇಲೆ ಮನೆಗೆ ಹೋಗಿ ಕೊಬ್ಬರಿ ತುರಿದು, ಅಂಟು ಹುರಿದು, ಬೆಲ್ಲ ಹಾಕಿ ಬಾಣಂತಿಗೆ ಕೊಡುವ ಅಂಟಿನ ಉಂಡೆ ಕಟ್ಟಿದಳು. ಹೊಳೆ ಇಳಿಯಲಿಲ್ಲ. ಉಂಡೆ ಕೆಡುವ ಮುಂಚೆ ಗೌಡನ ಸೊಸೆಗೆ ಕೊಟ್ಟಳು. ಮತ್ತೆ ಕಟ್ಟಿದಳು. ಅದನ್ನೂ ಕೊಟ್ಟಳು. “ನಿನ್ನ ಮಗಳ ಪಾಲು ನಾನು ತಿಂದು ದಪ್ಪವಾದೆ ಅವ್ವಾ” ಎಂದು ಸೊಸೆ ನಕ್ಕಳು. “ತಿನ್ನು. ಅವಳದನ್ನು ಕಾರ್ತಿಕದಲ್ಲಿ ಕಟ್ಟುತ್ತೇನೆ” ಎಂದಳು ಸೂಲಗಿತ್ತಿ.

ಪ್ರತಿ ಸೋಮವಾರ ಬಿಳಿ ಬಟ್ಟೆ ಬೀಸುತ್ತಿತ್ತು. ಈಗ ಅದು ಬಲಗೈಯಲ್ಲಿ ಇರುತ್ತಿತ್ತು. ಸೂಲಗಿತ್ತಿ ಅದನ್ನು ಮೊದಲ ದಿನವೇ ನೋಡಿದಳು. ಕೂಸು ಎಡತೋಳಿನಲ್ಲಿದೆಯಲ್ಲ, ಮತ್ತೆ ಯಾವ ಕೈಯಲ್ಲಿ ಬೀಸಬೇಕು ಎಂದುಕೊಂಡಳು. ಈಗ ಹಸಿರು ಸೀರೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ತಾಯಿಗಿಂತ ಮುಂಚೆಯೇ ಹೊರಟುಹೋಗುತ್ತಿತ್ತು. ಕೂಸಿಗೆ ಹಾಲಿನ ಹೊತ್ತು ಎಂದುಕೊಂಡಳು. ಬಿಳಿ ಬಟ್ಟೆ ಕಂಡಿತಲ್ಲ, ಅದು ಸಾಕು ಎಂದುಕೊಂಡಳು.

ಗುರುಗಳು ಇಲ್ಲಿಗೆ ನಿಲ್ಲಿಸಿ ನೀರು ಕುಡಿದರು.

ನಿಜಗುಣ ಸಮಾಧಾನದಿಂದ ಉಸಿರು ಬಿಟ್ಟ. “ನಾನು ಬೇರೆ ಏನೋ ಆಗುತ್ತದೆ ಎಂದು ಹೆದರಿದ್ದೆ” ಎಂದ. “ಎಣಿಕೆ ತಪ್ಪಾಗಿತ್ತು, ಒಪ್ಪುತ್ತೇನೆ. ಆದರೆ ಕೊನೆಗೆ ಎಲ್ಲರೂ ಕ್ಷೇಮ. ಸೇತುವೆ ಒಂದು ವರ್ಷ ತಡವಾಯಿತು, ಅಷ್ಟೇ. ಆ ನಗಾರಿಗೆ ಊರು ಕೊಟ್ಟದ್ದು ಏನೂ ಇಲ್ಲವಲ್ಲ ಗುರುಗಳೇ?”

ಗುರುಗಳು ಕತೆ ಮುಂದುವರಿಸಿದರು.

ಕಾರ್ತಿಕದಲ್ಲಿ ನೀರು ಇಳಿಯಿತು. ಮೊದಲ ಹರಿಗೋಲಿನಲ್ಲಿ ಸೂಲಗಿತ್ತಿ ಕುಳಿತಳು. ಮಡಿಲಲ್ಲಿ ಅಂಟಿನ ಉಂಡೆಯ ಡಬ್ಬಿ ಇತ್ತು. ಅವತ್ತು ಸೋಮವಾರವೇ. ಆಚೆ ದಡದಲ್ಲಿ ಹಸಿರು ಸೀರೆ ನಿಂತಿತ್ತು. ಹರಿಗೋಲು ನಡುಹೊಳೆಗೆ ಬಂದಾಗ ಬಿಳಿ ಬಟ್ಟೆ ಬೀಸುವುದು ನಿಂತಿತು. ದಡ ಮುಟ್ಟಿದಾಗ ಸೆರಗು ತಲೆಯಿಂದ ಜಾರಿತು. ಆ ಸೀರೆ ಉಟ್ಟವಳ ತಲೆಗೂದಲು ಬೆಳ್ಳಗಿತ್ತು. ಅವಳು ಬೀಗತಿ.

ಬೀಗತಿ ಕೂಸನ್ನು ಸೂಲಗಿತ್ತಿಯ ಕೈಗೆ ಕೊಟ್ಟಳು.

“ಕೆಂಪು ಬಟ್ಟೆ ತೋರಿಸಿದ್ದರೆ ನೀನು ಹೊಳೆಗೆ ಇಳಿದುಬಿಡುತ್ತಿದ್ದೆ ಅಕ್ಕಾ” ಎಂದಳು.

ಗುರುಗಳು ಅಲ್ಲಿಗೆ ಕತೆ ಮುಗಿಸಿದರು. ಹೊರಗೆ ಗಾಳಿ ಬೀಸುತ್ತಲೇ ಇತ್ತು.

“ಮಗಳು?” ಎಂದು ನಿಜಗುಣ ಮೆಲ್ಲಗೆ ಕೇಳಿದ.

“ನಗಾರಿಗೆ ಊರು ಏನು ಕೊಟ್ಟಿತು ಎಂದು ಕೇಳಿದೆಯಲ್ಲ, ಅವಳನ್ನು ಕೊಟ್ಟಿತು” ಎಂದರು ಗುರುಗಳು.

ನಿಜಗುಣ ಕೈಚೀಲದಿಂದ ಪಟ್ಟಿ ತೆಗೆದು ಅದರ ಮೊದಲ ಸಾಲನ್ನು ಮತ್ತೆ ಓದಿದ.